ಮುಂಗಡ ಕೊಡುವ ಮೊದಲೇ ಕಟ್ಟಡಕ್ಕೆ ಸಾಲ ಸಿಗುತ್ತದೆಯೇ ನೋಡಿ



ಭಾಷೆ, ಕನ್ನಡ ಶಾಲೆ, ಗಡಿ ಸಮಸ್ಯೆಗಳ ಬಗ್ಗೆ ಬರೆಯುವ ಈ ಅಂಕಣದಲ್ಲಿ ಈ ಸಲ ಫ್ಲಾಟು ಮತ್ತು ಬ್ಯಾಂಕ್ ಸಾಲದ ವಿಷಯ ಎತ್ತಿಕೊಂಡಿದ್ದೇವೆ. ಇದೇಕೆ ಎಂದು ಕೆಲವರು ಕೇಳಬಹುದು. ಹೊಸೂರು ಈಗ ನಾವು ಕಂಡ ಹಳೆಯ ಹೊಸೂರಲ್ಲ. ಬೆಂಗಳೂರಿನಲ್ಲಿ ಮನೆ ಕೊಳ್ಳಲಾಗದವರು ಅತ್ತಿಬೆಲೆ ದಾಟಿ ಇತ್ತ ಬರುತ್ತಿದ್ದಾರೆ. ಬಾಗಲೂರು ರಸ್ತೆ, ಡೆಂಕಣಿಕೋಟೆ ರಸ್ತೆ, ತಳಿ ರಸ್ತೆ, ಎಲ್ಲಿ ನೋಡಿದರೂ ಅಪಾರ್ಟ್‌ಮೆಂಟು. ನಮ್ಮ ಸದಸ್ಯರಲ್ಲಿ ಕೆಲವರು ಕೊಳ್ಳುವವರು, ಕೆಲವರು ಜಮೀನು ಕೊಟ್ಟವರು, ನಾಲ್ಕೈದು ಮಂದಿ ಮನೆ ಕೊಡಿಸುವ ಏಜೆಂಟರು. ಹೀಗಾಗಿ ಇದು ನಮ್ಮ ಮನೆಯದೇ ಮಾತು.

ಬರೆಯಲು ತಕ್ಷಣದ ಕಾರಣ ಒಂದು ಘಟನೆ. ಸಂಬಂಧಪಟ್ಟ ಎರಡೂ ಕಡೆಯವರ ಒಪ್ಪಿಗೆ ಪಡೆದು, ಹೆಸರು ಹೇಳದೆ ಬರೆಯುತ್ತಿದ್ದೇವೆ.

ನಮ್ಮ ಹಿರಿಯ ಸದಸ್ಯರೊಬ್ಬರು ಕಾರ್ಖಾನೆಯ ಕೆಲಸದಿಂದ ನಿವೃತ್ತರಾದವರು. ಮಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುತ್ತಾನೆ. ಎರಡು ಕೋಣೆಯ ಫ್ಲಾಟು, ಬೆಲೆ 45 ಲಕ್ಷ. ತೋರಿಸಿದವರು ನಮ್ಮ ಸಂಘದವರೇ ಆದ ಒಬ್ಬ ಏಜೆಂಟರು. ಮಗನ ಸಂಬಳದ ಚೀಟಿ, ಸಿಬಿಲ್ ಅಂಕ ಎಲ್ಲ ಚೆನ್ನಾಗಿತ್ತು. ಬ್ಯಾಂಕಿನವರು ಇಷ್ಟು ಸಾಲ ಕೊಡಬಹುದು ಎಂದು ಪತ್ರವನ್ನೂ ಕೊಟ್ಟರು. ಆ ಧೈರ್ಯದ ಮೇಲೆ ಬಿಲ್ಡರಿಗೆ 3 ಲಕ್ಷ ಮುಂಗಡ ಹೋಯಿತು. ಅದಾದ ಮೇಲೆ ಬ್ಯಾಂಕಿನ ವಕೀಲರು ಕಾಗದ ನೋಡಿದರು, ಮೌಲ್ಯಮಾಪಕರು ಸ್ಥಳಕ್ಕೆ ಹೋದರು. ಮಂಜೂರಾದ ನಕ್ಷೆಯಲ್ಲಿ ನೆಲಮಹಡಿಯ ಮೇಲೆ ಮೂರು ಮಹಡಿ, ಕಟ್ಟಿರುವುದು ನಾಲ್ಕು. ಇವರು ಕೊಳ್ಳಲು ಹೊರಟ ಫ್ಲಾಟು ಇದ್ದದ್ದು ಆ ನಾಲ್ಕನೆಯದರಲ್ಲೇ. ಸಾಲ ಆಗುವುದಿಲ್ಲ ಎಂದು ಬ್ಯಾಂಕು ಕೈ ಚೆಲ್ಲಿತು.

ಬಿಲ್ಡರು, 'ನಮ್ಮ ತಪ್ಪೇನು, ನಿಮಗೆ ಸಾಲ ಸಿಗಲಿಲ್ಲ, ಬೇರೆ ಕಡೆ ನೋಡಿ' ಎಂದರು. ತಿಂಗಳುಗಟ್ಟಲೆ ಅಲೆದಾಡಿದ ಮೇಲೆ 2 ಲಕ್ಷ ಕಂತಿನಲ್ಲಿ ವಾಪಸು ಬಂತು. ಇನ್ನು 1 ಲಕ್ಷ ಬರಬೇಕು. ಏಜೆಂಟರಿಗೆ ಕಮಿಷನ್ ಬರಲಿಲ್ಲ, ಅದು ಹೋಗಲಿ. ಇಪ್ಪತ್ತು ವರ್ಷದ ಸ್ನೇಹ ಹೋಯಿತು. ರಾಜ್ಯೋತ್ಸವದ ದಿನ ಅಕ್ಕಪಕ್ಕ ನಿಂತು ಬಾವುಟ ಕಟ್ಟುತ್ತಿದ್ದವರು ಈಗ ಒಬ್ಬರಿದ್ದ ಸಭೆಗೆ ಇನ್ನೊಬ್ಬರು ಬರುವುದಿಲ್ಲ.

ಇದರಲ್ಲಿ ನಮ್ಮದೂ ಒಂದು ಪಾಲಿದೆ, ಮುಚ್ಚಿಡುವುದಿಲ್ಲ. ಮುಂಗಡ ಕೊಡುವ ಹಿಂದಿನ ದಿನ ಆ ಕಾಗದಗಳನ್ನು ಸಂಘದ ಕಚೇರಿಗೆ ತಂದಿದ್ದರು. ಜೀವನವಿಡೀ ಗುಮಾಸ್ತಿಕೆ ಮಾಡಿದವರು ಎಂಬ ನಂಬಿಕೆಯಿಂದ ನಮ್ಮ ಮುಂದೆ ಇಟ್ಟರು. ನಾವು ಇ.ಸಿ. ಓದಿ, 'ಯಾವ ಅಡಮಾನವೂ ಇಲ್ಲ, ಧೈರ್ಯವಾಗಿ ಹೋಗಿ' ಎಂದೆವು. ನಕ್ಷೆಯನ್ನು ಬಿಚ್ಚಿ ಮಹಡಿ ಎಣಿಸಲಿಲ್ಲ. ಆ ಏಜೆಂಟರು ಮೋಸಗಾರರಲ್ಲ, ಅವರಿಗೂ ಗೊತ್ತಿರಲಿಲ್ಲ. ಆದರೆ ಗೊತ್ತುಮಾಡಿಕೊಳ್ಳಬಹುದಾಗಿತ್ತು, ಮುಂಗಡಕ್ಕೆ ಮೊದಲೇ. ಈ ಬರಹದ ಸಾರವೇ ಅದು.

ಎರಡು ಕೀಲಿಯ ಬೀಗ

ಬ್ಯಾಂಕ್ ಲಾಕರ್ ಇಟ್ಟುಕೊಂಡವರಿಗೆ ಗೊತ್ತು. ಅದಕ್ಕೆ ಎರಡು ಕೀಲಿ. ಒಂದು ನಮ್ಮ ಹತ್ತಿರ, ಒಂದು ಬ್ಯಾಂಕಿನವರ ಹತ್ತಿರ. ಒಂದರಿಂದ ಮಾತ್ರ ತೆರೆಯದು. ಫ್ಲಾಟಿನ ಸಾಲವೂ ಹಾಗೆಯೇ. ಒಂದು ಕೀಲಿ ಕೊಳ್ಳುವವರ ಅರ್ಹತೆ: ಸಂಬಳ, ವಯಸ್ಸು, ಹಳೆಯ ಸಾಲ, ಸಿಬಿಲ್ ಅಂಕ. ಇನ್ನೊಂದು ಕೀಲಿ ಕಟ್ಟಡದ ಅರ್ಹತೆ: ಜಮೀನಿನ ಮೂಲ, ನಕ್ಷೆ, ರೇರಾ ನೋಂದಣಿ, ಮುಕ್ತಾಯ ಪ್ರಮಾಣಪತ್ರ. ನಮ್ಮ ಜನ ಮೊದಲನೆಯ ಕೀಲಿಯನ್ನು ಮಾತ್ರ ನೋಡುತ್ತಾರೆ. 'ಮಗನಿಗೆ 36 ಲಕ್ಷ ಸಾಲ ಸಿಗುತ್ತದಂತೆ' ಎಂದು ಕೇಳಿದೊಡನೆ ಮುಂಗಡ ಕೊಟ್ಟುಬಿಡುತ್ತಾರೆ. ಬ್ಯಾಂಕು ಮೊದಲು ಕೊಡುವ ಪತ್ರ ಮನುಷ್ಯನನ್ನು ನೋಡಿ ಕೊಟ್ಟದ್ದು. ಅದರ ಕೆಳಗೆ 'ಆಸ್ತಿಯ ಕಾನೂನು ಮತ್ತು ತಾಂತ್ರಿಕ ಪರಿಶೀಲನೆಗೆ ಒಳಪಟ್ಟು' ಎಂಬ ಅರ್ಥದ ಸಾಲು ಇದ್ದೇ ಇರುತ್ತದೆ. ಅದನ್ನು ಯಾರೂ ಓದುವುದಿಲ್ಲ.

2025ರಲ್ಲಿ ರಿಸರ್ವ್ ಬ್ಯಾಂಕ್ ರೆಪೋ ದರವನ್ನು ನಾಲ್ಕು ಸಲ ಇಳಿಸಿತು. ಶೇ 6.50 ಇದ್ದದ್ದು ಡಿಸೆಂಬರ್ ಹೊತ್ತಿಗೆ ಶೇ 5.25ಕ್ಕೆ ಬಂತು. ಗೃಹಸಾಲದ ಬಡ್ಡಿ ಇಳಿಯಿತು, 'ಈಗಲೇ ಕೊಳ್ಳಿ' ಎಂಬ ಮಾತು ಎಲ್ಲೆಡೆ ಕೇಳಿಬಂತು. ಬಡ್ಡಿ ಇಳಿದದ್ದು ಮೊದಲನೆಯ ಕೀಲಿಗೆ ಅನುಕೂಲ. ಎರಡನೆಯ ಕೀಲಿಗೆ ಅದರಿಂದ ಏನೂ ಆಗುವುದಿಲ್ಲ. ಬಡ್ಡಿ ಇಳಿಯಿತೆಂದು ನಾಲ್ಕನೆಯ ಮಹಡಿಗೆ ಮಂಜೂರಾತಿ ಬರುವುದಿಲ್ಲ.

ಎರಡನೆಯ ಕೀಲಿ ಈಚೆಗೆ ಇನ್ನಷ್ಟು ಬಿಗಿಯಾಗಿದೆ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಉತ್ತರ ಪ್ರದೇಶದ ಮೀರತ್‌ನ ಅನಧಿಕೃತ ಕಟ್ಟಡವೊಂದರ ಪ್ರಕರಣದಲ್ಲಿ ತೀರ್ಪು ಕೊಡುತ್ತಾ ಇಡೀ ದೇಶಕ್ಕೆ ಅನ್ವಯಿಸುವ ನಿರ್ದೇಶನಗಳನ್ನು ಕೊಟ್ಟಿತು. ಕಟ್ಟಡವನ್ನು ಆಧಾರವಾಗಿ ಇಟ್ಟುಕೊಂಡು ಸಾಲ ಕೊಡುವ ಬ್ಯಾಂಕುಗಳು ಮುಕ್ತಾಯ ಅಥವಾ ವಾಸಯೋಗ್ಯ ಪ್ರಮಾಣಪತ್ರ ಪರಿಶೀಲಿಸಿದ ಮೇಲೆಯೇ ಕೊಡಬೇಕು. ವಿದ್ಯುತ್, ನೀರು, ಒಳಚರಂಡಿ ಸಂಪರ್ಕವೂ ಆ ಪ್ರಮಾಣಪತ್ರ ನೋಡಿಯೇ ಕೊಡಬೇಕು ಎಂಬುದು ಅವುಗಳಲ್ಲಿ ಸೇರಿದೆ. ಇದರ ಬಿಸಿ ಕರ್ನಾಟಕದಲ್ಲಿಯೂ ತಟ್ಟಿ, ಪ್ರಮಾಣಪತ್ರವಿಲ್ಲದ ಹೊಸ ಮನೆಗಳಿಗೆ ವಿದ್ಯುತ್ ಸಂಪರ್ಕ ನಿಂತದ್ದನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ತಮಿಳುನಾಡಿನಲ್ಲಿ ಚಿಕ್ಕ ಮನೆಗಳಿಗೆ ಮುಕ್ತಾಯ ಪ್ರಮಾಣಪತ್ರದಿಂದ ವಿನಾಯಿತಿ ಇದೆ. ಅದು ಎಲ್ಲ ಅಪಾರ್ಟ್‌ಮೆಂಟಿಗೂ ಉಂಟು ಎಂದುಕೊಳ್ಳಬಾರದು.

ಅಮೆರಿಕದಲ್ಲಿ ಕಟ್ಟಡ ಕುಸಿದ ಮೇಲೆ

ಈ ವಿಷಯದಲ್ಲಿ ಅಮೆರಿಕದ ಅನುಭವ ನೋಡುವಂಥದು. ನಮ್ಮ ಹಲವು ಸದಸ್ಯರ ಮಕ್ಕಳು ಅಲ್ಲಿದ್ದಾರೆ. ಅಲ್ಲಿ 'ಕಾಂಡೋ' ಎಂದು ಕರೆಯುವ ಫ್ಲಾಟು ಕೊಳ್ಳಲು ಇಲ್ಲಿಂದ ತಂದೆತಾಯಿ ಹಣ ಕಳಿಸುವುದೂ ಉಂಟು. ಅವರಿಗೂ ಇದು ಉಪಯೋಗಕ್ಕೆ ಬರಲಿ.

2021ರ ಜೂನ್ 24ರ ನಸುಕಿನಲ್ಲಿ ಫ್ಲೋರಿಡಾ ರಾಜ್ಯದ ಸರ್ಫ್‌ಸೈಡ್ ಎಂಬ ಊರಿನಲ್ಲಿ ಚಾಂಪ್ಲೇನ್ ಟವರ್ಸ್ ಸೌತ್ ಎಂಬ 12 ಮಹಡಿಯ ಕಟ್ಟಡದ ದೊಡ್ಡ ಭಾಗ ಕುಸಿದು 98 ಜನ ಸತ್ತರು. 1981ರಲ್ಲಿ ಕಟ್ಟಿದ್ದು. ಕಾಂಕ್ರೀಟು ಹಾಳಾಗಿದೆ, ದೊಡ್ಡ ದುರಸ್ತಿ ಬೇಕು ಎಂದು 2018ರಲ್ಲೇ ಎಂಜಿನಿಯರ್ ವರದಿ ಕೊಟ್ಟಿದ್ದರು. ನಿವಾಸಿಗಳ ಸಂಘದಲ್ಲಿ ಖರ್ಚಿನ ಬಗ್ಗೆ ಚರ್ಚೆ ನಡೆದು ನಡೆದು ಕೆಲಸ ತಡವಾಯಿತು.

ಅಲ್ಲಿ ಬ್ಯಾಂಕು ಕೊಟ್ಟ ಗೃಹಸಾಲಗಳಲ್ಲಿ ಬಹುಭಾಗವನ್ನು ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಎಂಬ ಎರಡು ಸಂಸ್ಥೆಗಳು ಬ್ಯಾಂಕಿನಿಂದ ಕೊಂಡುಕೊಳ್ಳುತ್ತವೆ. ಅವು ಕೊಳ್ಳದಂಥ ಸಾಲವನ್ನು ಕೊಡಲು ಬ್ಯಾಂಕು ಹಿಂಜರಿಯುತ್ತದೆ. ಸರ್ಫ್‌ಸೈಡ್ ದುರಂತದ ನಂತರ, 2022ರ ಮೊದಲ ತಿಂಗಳುಗಳಿಂದ, ಈ ಎರಡೂ ಸಂಸ್ಥೆಗಳು ನಿಯಮ ಬಿಗಿಮಾಡಿದವು. ದೊಡ್ಡ ದುರಸ್ತಿ ಬಾಕಿ ಇರುವ ಕಟ್ಟಡದಲ್ಲಿ ಫ್ಲಾಟು ಎಷ್ಟೇ ಚೆನ್ನಾಗಿರಲಿ, ಕೊಳ್ಳುವವರ ಸಂಬಳ ಎಷ್ಟೇ ಇರಲಿ, ಸಾಲ ಬೇಡ ಎಂದವು. ಕಟ್ಟಡದ ಸಂಘದ ಬಜೆಟ್ಟಿನಲ್ಲಿ ಕನಿಷ್ಠ ಶೇ 10 ದುರಸ್ತಿ ನಿಧಿಗೆ ತೆಗೆದಿಟ್ಟಿದೆಯೇ, 60 ದಿನಕ್ಕಿಂತ ಹೆಚ್ಚು ಕಾಲ ನಿರ್ವಹಣಾ ಶುಲ್ಕ ಬಾಕಿ ಉಳಿಸಿಕೊಂಡ ಮನೆಗಳು ಶೇ 15ಕ್ಕಿಂತ ಹೆಚ್ಚಿವೆಯೇ, ಅಂಗಡಿ ಕಚೇರಿಗಳ ಜಾಗ ಶೇ 35 ಮೀರಿದೆಯೇ, ಕೋರ್ಟಿನಲ್ಲಿ ದಾವೆ ಇದೆಯೇ, ಇಂಥ ಪ್ರಶ್ನೆಗಳನ್ನು ನೋಡುವ ಪದ್ಧತಿ ಅಲ್ಲಿ ಬಲವಾಯಿತು. ಬ್ಯಾಂಕು ಈ ಪ್ರಶ್ನಾವಳಿಯನ್ನು ಕಟ್ಟಡದ ಸಂಘಕ್ಕೆ ಕಳಿಸಿ ಉತ್ತರ ಬರೆಸಿಕೊಳ್ಳುತ್ತದೆ. ಫ್ಲೋರಿಡಾ ಸರ್ಕಾರವೂ 2022ರಲ್ಲಿ ಕಾನೂನು ಮಾಡಿ, ಮೂರು ಮಹಡಿ ಮತ್ತು ಅದಕ್ಕೆ ಮೇಲ್ಪಟ್ಟ ಹಳೆಯ ಅಪಾರ್ಟ್‌ಮೆಂಟುಗಳಿಗೆ ತಪಾಸಣೆ, ದುರಸ್ತಿ ನಿಧಿಯ ಲೆಕ್ಕ ಕಡ್ಡಾಯ ಮಾಡಿತು.

ಇದರ ಪರಿಣಾಮ ಅಲ್ಲಿನ ಏಜೆಂಟರ ಮೇಲೂ ಆಯಿತು. ಹಿಂದೆ ಕೊಳ್ಳುವವರನ್ನು ಕರೆತಂದು ಒಪ್ಪಂದ ಮಾಡಿಸಿದ ಮೇಲೆ ಬ್ಯಾಂಕಿನ ಕೆಲಸ ಬ್ಯಾಂಕಿಗೆ ಎಂದು ಬಿಡುತ್ತಿದ್ದರು. ಕೊನೆಯ ವಾರದಲ್ಲಿ 'ಕಟ್ಟಡ ಅರ್ಹವಲ್ಲ' ಎಂದು ಬ್ಯಾಂಕು ಹೇಳಿದಾಗ ಎಲ್ಲ ಮುರಿದುಬೀಳುತ್ತಿತ್ತು. ಈಗ ಜಾಣರಾದ ಏಜೆಂಟರು ಮಾರಾಟಕ್ಕೆ ಇಡುವಾಗಲೇ ಸಂಘದ ಬಜೆಟ್, ವಿಮೆ, ಸಭೆಯ ನಡಾವಳಿ ತರಿಸಿಕೊಳ್ಳುತ್ತಾರೆ. ಸರ್ಕಾರಿ ಖಾತರಿಯ ಸಾಲಕ್ಕೆ ಅರ್ಹವಾದ ಕಟ್ಟಡಗಳ ಪಟ್ಟಿ ಸಾರ್ವಜನಿಕವಾಗಿಯೇ ಸಿಗುತ್ತದೆ, ಅದನ್ನು ನೋಡುತ್ತಾರೆ. ಫ್ಯಾನಿ ಮೇ ದಾಖಲೆಯಲ್ಲಿ ಕಟ್ಟಡದ ಸ್ಥಿತಿ ಏನಿದೆ ಎಂದು ಸಾಲ ಕೊಡುವವರಿಂದ ಮೊದಲೇ ಕೇಳಿಸುತ್ತಾರೆ. ಅಲ್ಲಿರುವ ಮಕ್ಕಳಿಗೆ ನಾವು ಹೇಳುವುದಿಷ್ಟೇ: ಒಪ್ಪಂದಕ್ಕೆ ರುಜು ಹಾಕುವ ಮೊದಲು 'ಈ ಕಟ್ಟಡಕ್ಕೆ ಸಾಲ ಆಗುತ್ತದೆಯೇ' ಎಂದು ಏಜೆಂಟರನ್ನೂ ಬ್ಯಾಂಕನ್ನೂ ಬೇರೆಬೇರೆಯಾಗಿ ಕೇಳಿ. ಸಾಲವಾಗದಿದ್ದರೆ ಠೇವಣಿ ವಾಪಸು ಎಂಬ ಷರತ್ತು ಒಪ್ಪಂದದಲ್ಲಿ ಬರೆದಿದೆಯೇ ನೋಡಿ.

ಅಲ್ಲಿಗೂ ಇಲ್ಲಿಗೂ ವ್ಯತ್ಯಾಸವಿದೆ. ಅಲ್ಲಿ ಕಟ್ಟಡದ ತೊಂದರೆ ಹೆಚ್ಚಾಗಿ ಹಳೆಯ ಕಾಂಕ್ರೀಟು, ಖಾಲಿ ದುರಸ್ತಿ ನಿಧಿ. ಇಲ್ಲಿ ತೊಂದರೆ ಹೆಚ್ಚಾಗಿ ಕಾಗದದ್ದು. ಆದರೆ ಪಾಠ ಒಂದೇ.

ಇಲ್ಲಿ ಬ್ಯಾಂಕು ಎಲ್ಲಿ ಎಡವುತ್ತದೆ

ಬ್ಯಾಂಕಿನ ವಕೀಲರು, ಮೌಲ್ಯಮಾಪಕರು ಸಾಮಾನ್ಯವಾಗಿ ಯಾವ ಕಾರಣಕ್ಕೆ ಫೈಲು ವಾಪಸು ಕಳಿಸುತ್ತಾರೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಮೊದಲನೆಯದು ಜಮೀನಿನ ಮೂಲ. ಬೆಂಗಳೂರಿನಿಂದ ಬಂದವರು 'ಎ ಖಾತಾ ಇದೆಯಾ' ಎಂದು ಕೇಳುತ್ತಾರೆ. ಇಲ್ಲಿ ಎ ಖಾತಾ, ಬಿ ಖಾತಾ ಎಂಬ ಮಾತೇ ಇಲ್ಲ. ಇಲ್ಲಿ ನೋಡಬೇಕಾದದ್ದು ಪಟ್ಟಾ, ಚಿಟ್ಟಾ, ಸರ್ವೆ ನಕ್ಷೆ ಮತ್ತು ಇ.ಸಿ. ಪಟ್ಟಾ ಈಗ ಮಾರುತ್ತಿರುವವರ ಹೆಸರಿನಲ್ಲಿದೆಯೇ, ತೀರಿಕೊಂಡ ಅಜ್ಜನ ಹೆಸರಿನಲ್ಲೇ ನಿಂತಿದೆಯೇ? ಅಧಿಕಾರ ಪತ್ರದ ಮೇಲೆ ಮಾರುತ್ತಿದ್ದರೆ ಅದು ಚಾಲ್ತಿಯಲ್ಲಿದೆಯೇ? ಪೊರಂಬೋಕು ಎನ್ನುವ ಸರ್ಕಾರಿ ಜಾಗ, ದೇವಸ್ಥಾನದ ಜಮೀನು, ದಲಿತರಿಗೆ ಕೊಟ್ಟಿದ್ದ ಪಂಚಮಿ ಜಮೀನು ಸೇರಿಕೊಂಡಿಲ್ಲವೇ? ಕರ್ನಾಟಕದಲ್ಲಿ ಪಿ.ಟಿ.ಸಿ.ಎಲ್. ಜಮೀನು ಎಂದರೆ ಹೇಗೆ ಎಲ್ಲರೂ ಎಚ್ಚರವಾಗುತ್ತಾರೋ, ಇಲ್ಲಿ ಪಂಚಮಿ ಎಂದರೆ ಹಾಗೆಯೇ ಎಚ್ಚರವಾಗಬೇಕು.

ಎರಡನೆಯದು ನಕ್ಷೆ. ಮಂಜೂರಾತಿ ಕೊಟ್ಟವರು ಯಾರು? ನಗರ ಮತ್ತು ಗ್ರಾಮ ಯೋಜನಾ ನಿರ್ದೇಶನಾಲಯದ ವ್ಯವಸ್ಥೆಯ ಮೂಲಕ ಬಂದದ್ದೇ, ಹೊಸ ನಗರಾಭಿವೃದ್ಧಿ ಪ್ರಾಧಿಕಾರದ್ದೇ, ಮಹಾನಗರಪಾಲಿಕೆಯದೇ? ಅಥವಾ ಬರೀ ಪಂಚಾಯತಿ ಅಧ್ಯಕ್ಷರ ಮೊಹರೇ? ಲೇಔಟ್ ವಿಷಯದಲ್ಲಿಯೂ ಎಚ್ಚರ ಬೇಕು. 2016ರ ಸೆಪ್ಟೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್ ಅನುಮೋದನೆಯಿಲ್ಲದ ನಿವೇಶನಗಳ ನೋಂದಣಿಗೆ ತಡೆ ಹಾಕಿತು. 2017ರಲ್ಲಿ ಸರ್ಕಾರ ಸಕ್ರಮ ಯೋಜನೆ ತಂದಿತು. ಸಕ್ರಮವಾದ ಆದೇಶ ಕೈಯಲ್ಲಿದೆಯೇ ನೋಡಬೇಕು, 'ಆಗುತ್ತದೆ' ಎಂಬ ಮಾತು ಸಾಲದು. ಆಮೇಲೆ ನಕ್ಷೆ ಹಿಡಿದುಕೊಂಡು ಕಟ್ಟಡದ ಮುಂದೆ ನಿಂತು ಮಹಡಿ ಎಣಿಸಬೇಕು. ಒಂದು ಮಹಡಿಗೆ ಎಷ್ಟು ಮನೆ ಎಂದೂ ಎಣಿಸಬೇಕು. ಇದಕ್ಕೆ ವಕೀಲರು ಬೇಕಿಲ್ಲ, ಬೆರಳು ಸಾಕು.

ಮೂರನೆಯದು ರೇರಾ. 500 ಚದರ ಮೀಟರ್ ಮೀರಿದ ಜಮೀನು ಅಥವಾ ಎಂಟಕ್ಕಿಂತ ಹೆಚ್ಚು ಫ್ಲಾಟು ಇದ್ದರೆ ನೋಂದಣಿ ಕಡ್ಡಾಯ. ತಮಿಳುನಾಡು ರೇರಾದ ಜಾಲತಾಣದಲ್ಲಿ ಯೋಜನೆಯ ಸಂಖ್ಯೆ ಹಾಕಿದರೆ ವಿವರ ಸಿಗುತ್ತದೆ. ಬ್ಯಾನರಿನಲ್ಲಿ ಸಂಖ್ಯೆ ಇದೆ ಎಂದು ಬಿಡಬೇಡಿ. ಸಂಖ್ಯೆ ಈ ಕಟ್ಟಡದ್ದೇ, ಅವಧಿ ಮುಗಿದಿದೆಯೇ ನೋಡಿ.

ನಾಲ್ಕನೆಯದು ಜಮೀನಿನ ಅವಿಭಾಜ್ಯ ಪಾಲು. ತಮಿಳುನಾಡಿನಲ್ಲಿ ಇದನ್ನು ಎಲ್ಲರೂ ಯು.ಡಿ.ಎಸ್. ಎಂದೇ ಕರೆಯುತ್ತಾರೆ. ಫ್ಲಾಟು ಕೊಂಡವರಿಗೆ ಕೊನೆಗೂ ಉಳಿಯುವುದು ಈ ಪಾಲೇ. ಎಲ್ಲ ಫ್ಲಾಟುಗಳ ಪಾಲು ಕೂಡಿಸಿದರೆ ಒಟ್ಟು ಜಮೀನಿಗೆ ಸರಿಹೋಗಬೇಕು. ಹೆಚ್ಚು ಬಂದರೆ ಒಂದೇ ಜಾಗವನ್ನು ಎರಡು ಸಲ ಮಾರಿದಂತೆ. ಕಡಿಮೆ ಬಂದರೆ ಬಿಲ್ಡರು ಮುಂದೆ ಇನ್ನೊಂದು ಮಹಡಿ ಏರಿಸಲು ಪಾಲು ಉಳಿಸಿಕೊಂಡಿದ್ದಾರೆಯೇ ಎಂದು ಕೇಳಬೇಕು.

ಐದನೆಯದು ಬಿಲ್ಡರು ಮಾಡಿದ ಸಾಲ. ಇಡೀ ಯೋಜನೆಯನ್ನು ಒಂದು ಬ್ಯಾಂಕಿಗೆ ಅಡವಿಟ್ಟು ಕಟ್ಟುವುದು ಸಾಮಾನ್ಯ, ಅದು ತಪ್ಪಲ್ಲ. ಆದರೆ ನಿಮ್ಮ ಫ್ಲಾಟನ್ನು ಆ ಅಡಮಾನದಿಂದ ಬಿಡಿಸಿಕೊಡುವ ಪತ್ರ ಆ ಬ್ಯಾಂಕಿನಿಂದ ಬರಬೇಕು. ಅದಿಲ್ಲದೆ ಇನ್ನೊಂದು ಬ್ಯಾಂಕು ಸಾಲ ಕೊಡುವುದಿಲ್ಲ. ಅಡಮಾನಗಳ ಕೇಂದ್ರ ನೋಂದಣಿಯಾದ ಸರ್ಸಾಯ್‌ನಲ್ಲಿ ಸ್ವಲ್ಪ ಶುಲ್ಕ ಕಟ್ಟಿ ಯಾರು ಬೇಕಾದರೂ ಹುಡುಕಬಹುದು.

ಇನ್ನು ಹಳೆಯ ಫ್ಲಾಟು ಕೊಳ್ಳುವವರಿಗೆ ಎರಡು ಮಾತು. ಮಾರುವವರು ಸಾಲ ತೀರಿಸಿದ್ದರೂ, ಹಕ್ಕುಪತ್ರ ಠೇವಣಿಯ ದಾಖಲೆಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ರದ್ದು ಮಾಡಿಸದಿದ್ದರೆ ಇ.ಸಿ.ಯಲ್ಲಿ ಆ ಸಾಲ ಹಾಗೆಯೇ ಕಾಣುತ್ತದೆ. 'ಸಾಲ ಎಂದೋ ತೀರಿತು' ಎಂಬ ಬಾಯಿಮಾತಿಗೆ ಬೆಲೆಯಿಲ್ಲ. ಕಟ್ಟಡದ ವಯಸ್ಸು ಹೆಚ್ಚಿದ್ದರೆ ಬ್ಯಾಂಕು ಸಾಲದ ಅವಧಿಯನ್ನು ಕಡಿಮೆ ಮಾಡಬಹುದು. ಆಗ ಕಂತು ಏರುತ್ತದೆ. ಸಂಬಳ ಸಾಲದೆ ಹೋಗುವುದು ಇಂಥಲ್ಲೇ.

ಲೆಕ್ಕ

ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲ ಆಸ್ತಿಯ ಬೆಲೆಯ ಶೇ 90 ಮೀರಬಾರದು. 30ರಿಂದ 75 ಲಕ್ಷದವರೆಗೆ ಶೇ 80, ಅದರ ಮೇಲೆ ಶೇ 75. ಹಾಗಾಗಿ 45 ಲಕ್ಷದ ಫ್ಲಾಟಿಗೆ ಹೆಚ್ಚೆಂದರೆ 36 ಲಕ್ಷ. ಉಳಿದ 9 ಲಕ್ಷ ಕೈಯಿಂದ. ಬೆಲೆ ಎಂದರೆ ಬ್ಯಾಂಕಿನ ಮೌಲ್ಯಮಾಪಕರು ಒಪ್ಪಿದ ಬೆಲೆ, ಬಿಲ್ಡರು ಹೇಳಿದ್ದಲ್ಲ. ಸ್ಟಾಂಪು, ನೋಂದಣಿ ಖರ್ಚು ಈ ಬೆಲೆಯಲ್ಲಿ ಸೇರುವುದಿಲ್ಲ (ಬೆಲೆ 10 ಲಕ್ಷದೊಳಗಿನ ಮನೆಗೆ ಮಾತ್ರ ರಿಯಾಯಿತಿ), ಅದೂ ಕೈಯಿಂದಲೇ. ಕಟ್ಟುತ್ತಿರುವ ಫ್ಲಾಟಾದರೆ ಜಿ.ಎಸ್.ಟಿ. ಶೇ 5. ಬೆಲೆ 45 ಲಕ್ಷದೊಳಗೆ, ಹೊಸೂರಿನಂಥ ಊರಿನಲ್ಲಿ ಒಳ ಅಳತೆ 90 ಚದರ ಮೀಟರ್ ಒಳಗೆ ಇದ್ದರೆ ಶೇ 1. ಮುಕ್ತಾಯ ಪ್ರಮಾಣಪತ್ರ ಬಂದ ಮೇಲೆ ಕೊಂಡರೆ ಜಿ.ಎಸ್.ಟಿ. ಇಲ್ಲ.

ರೇರಾ ಕಾಯ್ದೆಯ 13ನೇ ಕಲಮಿನ ಪ್ರಕಾರ, ನೋಂದಾಯಿತ ಮಾರಾಟ ಒಪ್ಪಂದ ಮಾಡಿಕೊಳ್ಳದೆ ಬಿಲ್ಡರು ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ತೆಗೆದುಕೊಳ್ಳುವ ಹಾಗಿಲ್ಲ. 45 ಲಕ್ಷಕ್ಕೆ ಅದು ನಾಲ್ಕೂವರೆ ಲಕ್ಷ. ಕಾನೂನು ಒಪ್ಪಿದ ಮೊತ್ತ ಅದು ಎಂದು ಅಷ್ಟನ್ನೂ ಕೊಡಬೇಕಾಗಿಲ್ಲ. ಕಟ್ಟಡದ ಅರ್ಹತೆ ತಿಳಿಯುವವರೆಗೆ ಕೊಡುವ ಟೋಕನ್ ಹಣ ನಷ್ಟವಾದರೂ ತಡೆದುಕೊಳ್ಳುವಷ್ಟೇ ಇರಲಿ.

ನಮ್ಮ ಏಜೆಂಟರೊಂದಿಗೆ ನಡೆದ ಮಾತು

ಈ ಘಟನೆಯ ನಂತರ ಸಂಘದ ಕಚೇರಿಯಲ್ಲಿ ನಮ್ಮ ಏಜೆಂಟ್ ಬಂಧುಗಳನ್ನು ಕೂರಿಸಿ ಮಾತಾಡಿದೆವು. ಅವರ ಮಾತನ್ನೂ ಇಲ್ಲಿ ಹೇಳುವುದು ನ್ಯಾಯ.

ಒಬ್ಬರು ಹೇಳಿದರು: 'ಕಾಗದ ನೋಡುವುದು ಬ್ಯಾಂಕಿನ ಕೆಲಸ. ಅವರು ಅದಕ್ಕೆ ಶುಲ್ಕ ತೆಗೆದುಕೊಳ್ಳುತ್ತಾರೆ. ನಾವು ಮನೆ ತೋರಿಸುವವರು.' ಇನ್ನೊಬ್ಬರು: 'ನಾನು ಎರಡು ವಾರ ಕಾಗದ ನೋಡುತ್ತ ಕೂತರೆ ಅಷ್ಟರಲ್ಲಿ ಬೇರೆಯವರು ಮುಂಗಡ ಕೊಡಿಸಿರುತ್ತಾರೆ. ನನ್ನ ಹೊಟ್ಟೆಪಾಡು ಏನು?' ಇವು ಸುಳ್ಳಲ್ಲ. ಕಮಿಷನ್ ನಂಬಿ ಬದುಕುವವರಿಗೆ ತಿಂಗಳಿಗೆ ಒಂದು ವ್ಯವಹಾರ ಕೈತಪ್ಪಿದರೂ ಕಷ್ಟವೇ.

ಆದರೂ ನಾವು ಒಪ್ಪಲಿಲ್ಲ. ಮೊದಲ ಕಾರಣ ಕಾನೂನು. ರೇರಾ ಕಾಯ್ದೆಯ 9ನೇ ಕಲಮಿನಂತೆ ಏಜೆಂಟರೂ ನೋಂದಾಯಿಸಿಕೊಳ್ಳಬೇಕು. ನೋಂದಣಿ ಆಯಾ ರಾಜ್ಯಕ್ಕೆ ಮಾತ್ರ. ಕರ್ನಾಟಕದಲ್ಲಿ ನೋಂದಾಯಿಸಿದವರು ಹೊಸೂರಿನ ಯೋಜನೆ ಮಾರಬೇಕಾದರೆ ತಮಿಳುನಾಡಿನಲ್ಲಿಯೂ ನೋಂದಾಯಿಸಬೇಕು. 10ನೇ ಕಲಮಿನಂತೆ, ನೋಂದಣಿ ಬೇಕಾದ ಯೋಜನೆ ನೋಂದಣಿಯಾಗದಿದ್ದರೆ ಅದನ್ನು ಮಾರಿಸಬಾರದು. ಇಲ್ಲದ ಅನುಮೋದನೆ ಇದೆ ಎನ್ನಬಾರದು. ಮುಂಗಡದ ಹೊತ್ತಿಗೆ ಕೊಳ್ಳುವವರಿಗೆ ಸಿಗಬೇಕಾದ ಮಾಹಿತಿ, ದಾಖಲೆಗಳು ಅವರ ಕೈಸೇರುವಂತೆ ಏಜೆಂಟರೇ ನೋಡಿಕೊಳ್ಳಬೇಕು. ತಪ್ಪಿದರೆ 62ನೇ ಕಲಮಿನಂತೆ ದಿನಕ್ಕೆ 10,000 ರೂಪಾಯಿ ದಂಡ, ಒಟ್ಟು ಫ್ಲಾಟಿನ ಬೆಲೆಯ ಶೇ 5ರವರೆಗೆ. 45 ಲಕ್ಷದ ಫ್ಲಾಟಿಗೆ ಅದು ಎರಡೂಕಾಲು ಲಕ್ಷ. ಯಾವ ಕಮಿಷನ್ ಅಷ್ಟು ಬರುತ್ತದೆ?

ಎರಡನೆಯ ಕಾರಣ ಭಾಷೆ. ಇಲ್ಲಿ ಪಟ್ಟಾ, ಇ.ಸಿ., ಮಂಜೂರಾತಿ ಆದೇಶ, ಎಲ್ಲ ತಮಿಳಿನಲ್ಲಿ. ಬೆಂಗಳೂರಿನಿಂದ ಬರುವ ಕನ್ನಡದವರಿಗೆ ಅದರಲ್ಲಿ ಒಂದಕ್ಷರ ಓದಲು ಬರುವುದಿಲ್ಲ. ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಹಿರಿಯರಲ್ಲಿಯೂ ಅನೇಕರಿಗೆ ತಮಿಳು ಮಾತು ಬರುತ್ತದೆ, ಓದು ಬಾರದು. ಎರಡೂ ಭಾಷೆ ಬಲ್ಲ ಏಜೆಂಟರನ್ನು ಅವರು ನಂಬುವುದು ಅದಕ್ಕೇ. 'ನಮ್ಮವರು' ಎಂಬ ಮಾತಿನ ಮೇಲೆ ವ್ಯಾಪಾರ ನಡೆಯುವಾಗ ಆ ಮಾತಿನ ಭಾರವನ್ನೂ ಹೊರಬೇಕು.

ಮೂರನೆಯ ಕಾರಣ ಹೊಟ್ಟೆಪಾಡೇ. ಮುರಿದುಬೀಳುವ ವ್ಯವಹಾರಕ್ಕೆ ಎರಡು ತಿಂಗಳು ಓಡಾಡುವುದಕ್ಕಿಂತ, ಸಾಲವಾಗದ ಕಟ್ಟಡವನ್ನು ಮೊದಲ ದಿನವೇ ಪಟ್ಟಿಯಿಂದ ತೆಗೆಯುವುದು ಲಾಭ. ಈ ಕೆಲಸಕ್ಕೆ ಎರಡು ವಾರ ಬೇಕಿಲ್ಲ. ಒಂದು ಕಟ್ಟಡಕ್ಕೆ ಒಂದು ಸಲ ಮಾಡಿದರೆ ಅಲ್ಲಿರುವ ಎಲ್ಲ ಫ್ಲಾಟಿಗೂ ಆಯಿತು.

ಕೊನೆಗೆ ಎಲ್ಲರೂ ಒಪ್ಪಿದ ಕ್ರಮ ಹೀಗಿದೆ. ಕೊಳ್ಳುವವರೂ ಇದನ್ನು ಕೇಳಿ ಪಡೆಯಬಹುದು.

1. ಯಾವುದೇ ಕಟ್ಟಡದ ಫ್ಲಾಟು ತೋರಿಸುವ ಮೊದಲು ರೇರಾ ಸಂಖ್ಯೆ, ಮಂಜೂರಾದ ನಕ್ಷೆ, ಇ.ಸಿ., ಪಟ್ಟಾ, ಯು.ಡಿ.ಎಸ್. ಲೆಕ್ಕದ ನಕಲು ತರಿಸಿ ಒಂದು ಫೈಲು ಮಾಡುವುದು. ಬಿಲ್ಡರು ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಗೇ ಬಿಡುವುದು.

2. ನಕ್ಷೆ ಹಿಡಿದು ಮಹಡಿ, ಮನೆ ಎಣಿಸುವುದು.

3. ಕನಿಷ್ಠ ಎರಡು ಬ್ಯಾಂಕಿನ ಶಾಖೆಗೆ ಹೋಗಿ 'ಈ ಯೋಜನೆ ನಿಮ್ಮಲ್ಲಿ ಅನುಮೋದನೆ ಆಗಿದೆಯೇ, ಅನುಮೋದನೆ ಸಂಖ್ಯೆ ಏನು' ಎಂದು ಕೇಳಿ, ಉತ್ತರವನ್ನೂ ದಿನಾಂಕವನ್ನೂ ಫೈಲಿನಲ್ಲಿ ಬರೆಯುವುದು. ಪೋಸ್ಟರಿನಲ್ಲಿ ಹತ್ತು ಬ್ಯಾಂಕಿನ ಹೆಸರು ಅಚ್ಚುಹಾಕಿದ್ದು ಲೆಕ್ಕಕ್ಕಿಲ್ಲ.

4. ಕಟ್ಟಿ ಮುಗಿದಿದ್ದರೆ ಮುಕ್ತಾಯ ಪ್ರಮಾಣಪತ್ರ. ವಿನಾಯಿತಿ ಇದೆ ಎಂದರೆ ಯಾವ ನಿಯಮದಡಿ ಎಂದು ಯೋಜನಾ ಕಚೇರಿಯಲ್ಲಿ ಕೇಳುವುದು.

5. ಮುಂಗಡದ ರಸೀದಿಯಲ್ಲಿ 'ಕಟ್ಟಡದ ಅಥವಾ ಜಮೀನಿನ ದಾಖಲೆಯ ಕಾರಣದಿಂದ ಬ್ಯಾಂಕ್ ಸಾಲ ನಿರಾಕರಿಸಿದರೆ ಪೂರ್ತಿ ಹಣ ಇಷ್ಟು ದಿನದಲ್ಲಿ ವಾಪಸು' ಎಂಬ ಸಾಲು ಬರೆಸುವುದು. ನಮ್ಮ ಸದಸ್ಯರ ರಸೀದಿಯಲ್ಲಿ ಈ ಒಂದು ಸಾಲು ಇದ್ದಿದ್ದರೆ ಅಲೆದಾಟ ಇರುತ್ತಿರಲಿಲ್ಲ.

ಎರಡು ಎಚ್ಚರಿಕೆ

ಬ್ಯಾಂಕು ಒಪ್ಪಿತು ಎಂದರೆ ಎಲ್ಲ ಸರಿ ಎಂದಲ್ಲ. ಬ್ಯಾಂಕು ನೋಡುವುದು ತನ್ನ ಹಣದ ಭದ್ರತೆ. ನಿಮ್ಮ ಭದ್ರತೆಗೆ ನಿಮ್ಮದೇ ವಕೀಲರನ್ನು ಒಮ್ಮೆ ತೋರಿಸಿ. ಆ ಶುಲ್ಕ ದಂಡವಲ್ಲ.

ಎರಡನೆಯದು, ಒಂದು ಬ್ಯಾಂಕು ಬೇಡ ಎಂದಾಗ 'ಸ್ವಲ್ಪ ಬಡ್ಡಿ ಹೆಚ್ಚು, ಆದರೆ ಅವರು ಕೊಡುತ್ತಾರೆ' ಎಂದು ಇನ್ನೊಂದು ಫೈನಾನ್ಸ್ ಕಂಪನಿಗೆ ಕರೆದೊಯ್ಯುವವರಿದ್ದಾರೆ. ಕೊಡಬಹುದು. ಆದರೆ ನಾಳೆ ನೀವು ಮಾರಲು ಹೊರಟರೆ ನಿಮ್ಮಿಂದ ಕೊಳ್ಳುವವರಿಗೂ ದೊಡ್ಡ ಬ್ಯಾಂಕು ಸಾಲ ಕೊಡುವುದಿಲ್ಲ. ಅಮೆರಿಕದಲ್ಲಿ ಅರ್ಹತೆ ಕಳೆದುಕೊಂಡ ಕಟ್ಟಡಗಳಲ್ಲಿ ಆಗಿರುವುದು ಇದೇ: ನಗದು ಇರುವವರು ಮಾತ್ರ ಬರುತ್ತಾರೆ, ಅವರು ಬೆಲೆ ಇಳಿಸಿ ಕೇಳುತ್ತಾರೆ. ಬ್ಯಾಂಕು ಏಕೆ ಬೇಡ ಎಂದಿತು ಎಂಬುದನ್ನು ಬರವಣಿಗೆಯಲ್ಲಿ ಕೇಳಿ. ಸರಿಪಡಿಸಬಹುದಾದ ದೋಷವೇ, ಆಗದ್ದೇ, ಅದರಿಂದ ತಿಳಿಯುತ್ತದೆ.

ಈಗಾಗಲೇ ಫ್ಲಾಟಿನಲ್ಲಿರುವ ಸದಸ್ಯರಿಗೂ ಒಂದು ಮಾತು. ತಮಿಳುನಾಡಿನ 2022ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಂತೆ ಮಾಲೀಕರ ಸಂಘ ನೋಂದಾಯಿಸಿಕೊಳ್ಳಿ. ತಿಂಗಳ ನಿರ್ವಹಣಾ ಹಣದಲ್ಲಿ ಸ್ವಲ್ಪ ದುರಸ್ತಿಗೆಂದು ತೆಗೆದಿಡಿ. ಸರ್ಫ್‌ಸೈಡಿನವರೂ 'ಮುಂದಿನ ವರ್ಷ ನೋಡೋಣ' ಎಂದೇ ಇದ್ದರು.

ಆ ಎರಡು ಕುಟುಂಬಗಳ ವಿಷಯ ಹೇಳಿ ಮುಗಿಸುತ್ತೇವೆ. ಬಾಕಿ 1 ಲಕ್ಷಕ್ಕೆ ರೇರಾ ಪ್ರಾಧಿಕಾರಕ್ಕೆ ದೂರು ಬರೆಯುವ ಕೆಲಸ ನಡೆದಿದೆ. ಕರಡು ಬರೆದದ್ದು ನಾವು. ಅದಕ್ಕೆ ಬೇಕಾದ ತಮಿಳು ದಾಖಲೆಗಳನ್ನು ಕೂತು ಓದಿ ಹೇಳಿದವರು ಆ ಏಜೆಂಟರೇ. ಕರೆಯದೆ ಬಂದರು. ಹಿರಿಯರು ಆ ದಿನ ಅವರ ಜೊತೆ ಹೆಚ್ಚು ಮಾತಾಡಲಿಲ್ಲ, ಆದರೆ ಹೊರಡುವಾಗ ಕಾಫಿ ಕುಡಿದು ಹೋಗಿ ಎಂದರು. ನಮಗೆ ಸದ್ಯಕ್ಕೆ ಅಷ್ಟೇ ಸಮಾಧಾನ.

ಫ್ಲಾಟಿಗೆ ಮುಂಗಡ ಕೊಡುವ ಯೋಚನೆಯಲ್ಲಿರುವ ಸದಸ್ಯರು, ಕೊಡಿಸುವ ಯೋಚನೆಯಲ್ಲಿರುವ ಏಜೆಂಟರು, ಪ್ರತಿ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ 10 ಗಂಟೆಗೆ ಕಾಗದಗಳೊಂದಿಗೆ ಸಂಘದ ಕಚೇರಿಗೆ ಬನ್ನಿ. ತಮಿಳು ದಾಖಲೆ ಓದಿ ಕನ್ನಡದಲ್ಲಿ ಹೇಳುವ ಇಬ್ಬರು ಸದಸ್ಯರು ಇರುತ್ತಾರೆ. ಶುಲ್ಕವಿಲ್ಲ. ನಕ್ಷೆಯನ್ನು ಮರೆಯದೆ ತನ್ನಿ. ಈ ಸಲ ಬಿಚ್ಚಿ ನೋಡುತ್ತೇವೆ.

ಇಂತಿ,
ಸಂಘದ ಕಾರ್ಯದರ್ಶಿ